891 ಸಾಲುಗಳ ಹಡಗು

ಚಿತ್ರದುರ್ಗ ಜಿಲ್ಲೆಗೆ ಕಡಲಿಲ್ಲ. ಹೊಳಲ್ಕೆರೆಯ ಹುಡುಗನಿಗೂ ಹೊಸದುರ್ಗದ ಹುಡುಗಿಗೂ ದೊಡ್ಡ ನೀರು ಎಂದರೆ ಹಿರಿಯೂರಿನ ಮಾರಿಕಣಿವೆಯೇ. ದಾಖಲೆಯಲ್ಲಿ ಅದರ ಹೆಸರು ವಾಣಿವಿಲಾಸ ಸಾಗರ. ಟೈಟಾನಿಕ್ ಹಡಗು ಎಷ್ಟು ದೊಡ್ಡದಿತ್ತು ಎಂದು ತಿಳಿಯಬೇಕಾದರೆ ಅದೇ ಕಟ್ಟೆಯ ಮೇಲೆ ನಿಂತು ಅಳೆಯಬಹುದು. ಕಟ್ಟೆಯ ಉದ್ದ 1,330 ಅಡಿ, ಹಡಗಿನ ಉದ್ದ 882 ಅಡಿ 9 ಅಂಗುಲ. ಹಡಗನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದರೆ ಕಟ್ಟೆಯ ಮೂರರಲ್ಲಿ ಎರಡು ಪಾಲು ಮರೆಯಾಗುತ್ತದೆ. ನದಿಪಾತ್ರದಿಂದ ಕಟ್ಟೆಯ ಎತ್ತರ 142 ಅಡಿ. ಹಡಗಿನ ತಳದಿಂದ ಹೊಗೆಕೊಳವೆಯ ತುದಿಗೆ 175 ಅಡಿ. ಕಟ್ಟೆಯ ಬುಡದಲ್ಲಿ ಹಡಗನ್ನು ಕೂರಿಸಿದರೆ ನಾಲ್ಕು ಹೊಗೆಕೊಳವೆಗಳೂ ಕಟ್ಟೆಯ ನೆತ್ತಿಗಿಂತ 33 ಅಡಿ ಮೇಲೆ ಕಾಣುತ್ತವೆ.

ಎರಡೂ ಒಂದೇ ಕಾಲದವು. ಮೈಸೂರು ಸಂಸ್ಥಾನ ವೇದಾವತಿಗೆ ಅಡ್ಡಲಾಗಿ ಈ ಕಟ್ಟೆಯನ್ನು 1898ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿತು. ಅದಾಗಿ ಎರಡು ವರ್ಷಕ್ಕೆ, 1909ರ ಮಾರ್ಚ್ 31ರಂದು, ಬೆಲ್‌ಫಾಸ್ಟ್‌ನಲ್ಲಿ ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿ ಟೈಟಾನಿಕ್‌ನ ತಳಪಟ್ಟಿ ಹಾಸಿತು. ಮೂವತ್ತು ಲಕ್ಷ ರಿವೆಟ್‌ಗಳಿಂದ ಬೆಸೆದ ಆ ಹಡಗು ಪ್ರಯಾಣಿಕರನ್ನು ಹೊತ್ತು ಓಡಿದ್ದು 1912ರ ಏಪ್ರಿಲ್ 10ರಿಂದ, 15ರ ನಸುಕಿನಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗುವವರೆಗೆ ಮಾತ್ರ. ಕಟ್ಟೆ ಇವತ್ತಿಗೂ ನೀರು ಹಿಡಿದು ನಿಂತಿದೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬೀಳಲು 89 ವರ್ಷ ಹಿಡಿದು, 2022ರ ಸೆಪ್ಟೆಂಬರಿನಲ್ಲಿ ಜಿಲ್ಲೆಯ ಜನ ಗಾಡಿ ಕಟ್ಟಿಕೊಂಡು ನೋಡಲು ಹೋದ ಕಟ್ಟೆ ಅದು.

ಆ ತುಂಬಿದ ನೀರಿನ ಲೆಕ್ಕವನ್ನು ಸ್ವಲ್ಪ ಮುಂದುವರಿಸೋಣ. ಪೂರ್ಣ ಮಟ್ಟ 130 ಅಡಿ, ಸಂಗ್ರಹ 30 ಟಿಎಂಸಿ. ಟೈಟಾನಿಕ್ ತೇಲಲು 34 ಅಡಿ 7 ಅಂಗುಲ ಆಳ ಸಾಕಿತ್ತು, ಹಾಗಾಗಿ ಮಾರಿಕಣಿವೆಯಲ್ಲಿ ಅದು ಆರಾಮಾಗಿ ತೇಲುತ್ತಿತ್ತು. ಅಲ್ಲೇ ಮುಳುಗಿದ್ದರೂ ತಳದಿಂದ 104 ಅಡಿ ಎತ್ತರದಲ್ಲಿದ್ದ ಕ್ಯಾಪ್ಟನ್ನನ ಅಟ್ಟದ ಮೇಲೆ 26 ಅಡಿ ನೀರು ನಿಲ್ಲುತ್ತಿತ್ತು, ಹೊಗೆಕೊಳವೆಗಳು ನೀರಿನಿಂದ 45 ಅಡಿ ಹೊರಗೇ ಇರುತ್ತಿದ್ದವು. ಅಟ್ಲಾಂಟಿಕ್‌ನಲ್ಲಿ ಅದು ಬಿದ್ದಿರುವ ಆಳ ಸುಮಾರು 12,500 ಅಡಿ. ತುಂಬಿದ ಮಾರಿಕಣಿವೆಗಿಂತ 96 ಪಟ್ಟು. ಚಿತ್ರದುರ್ಗದ ಬೆನ್ನಿಗಿರುವ ಜೋಗಿಮಟ್ಟಿ ಸಮುದ್ರಮಟ್ಟದಿಂದ 1,300 ಮೀಟರಿಗೆ ತುಸು ಮೇಲಿದೆ. ಹಡಗು ಇರುವ ಜಾಗದಲ್ಲಿ ಜೋಗಿಮಟ್ಟಿಯಷ್ಟು ಎತ್ತರದ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ಮುಳುಗಿಸಿದರೂ ಮೇಲೆ ಇನ್ನೊಂದು ಕಿಲೋಮೀಟರಿಗಿಂತ ಹೆಚ್ಚು ನೀರು ಉಳಿಯುತ್ತದೆ.

ತೂಕದ ಲೆಕ್ಕ ಇನ್ನೂ ವಿಚಿತ್ರ. ಸರಕು ಜನ ಕಲ್ಲಿದ್ದಲು ಎಲ್ಲ ಸೇರಿ ತುಂಬಿದ ಟೈಟಾನಿಕ್ 52,310 ಟನ್ ತೂಗುತ್ತಿತ್ತು. ಮನುಷ್ಯರು ಅಲ್ಲಿಯವರೆಗೆ ಓಡಾಡುವ ಯಾವ ವಸ್ತುವನ್ನೂ ಅಷ್ಟು ದೊಡ್ಡದಾಗಿ ಮಾಡಿರಲಿಲ್ಲ. ತುಂಬಿದ ಮಾರಿಕಣಿವೆಯ ನೀರು ಅಂಥ ಸುಮಾರು 16 ಸಾವಿರ ಹಡಗುಗಳಷ್ಟು ತೂಗುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿರುವುದು 36 ಕೋಟಿ ಮಾರಿಕಣಿವೆಗಳ ನೀರು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ನಿಂತ ರೈಲಿನ ಹನ್ನೊಂದು ಬೋಗಿಗಳಷ್ಟು ಉದ್ದದ ವಸ್ತುವೊಂದು ಆ ನೀರಿಗೆ ಇಳಿದದ್ದನ್ನು ನೀರು ಗಮನಿಸಿರಲಿಕ್ಕೂ ಇಲ್ಲ.

ಇಷ್ಟು ಹೇಳಿದ್ದು ಬೆರಗಿಗಾಗಿ. ನನ್ನನ್ನು ಹೆಚ್ಚು ಬೆರಗಾಗಿಸುವುದು ಮಾತ್ರ ಅಡಿ, ಟನ್ನುಗಳ ಲೆಕ್ಕವಲ್ಲ. ಒಂದು ಸಣ್ಣ ಫೈಲು. ಅದನ್ನು ಯಾವ ಮೊಬೈಲಿನಲ್ಲಿ ಇಟ್ಟರೂ ಒಂದು ಫೋಟೊದಷ್ಟು ಜಾಗ ಬೇಡ. ಇವತ್ತು ಮಷೀನ್ ಲರ್ನಿಂಗ್ ಕಲಿಯಲು ಕೂತ ವಿದ್ಯಾರ್ಥಿ, ಚಿತ್ರದುರ್ಗದಲ್ಲಾಗಲಿ ಚಿಕಾಗೋದಲ್ಲಾಗಲಿ, ಮೊದಮೊದಲು ತೆರೆಯುವ ಕೋಷ್ಟಕ ಟೈಟಾನಿಕ್ ಪ್ರಯಾಣಿಕರದು. ಕ್ಯಾಗಲ್ ಎಂಬ ತಾಣ 2012ರಿಂದ ಅದನ್ನು ಹೊಸಬರ ಮೊದಲ ಅಭ್ಯಾಸವಾಗಿ ಇಟ್ಟಿದೆ. ಒಟ್ಟು 1,309 ಪ್ರಯಾಣಿಕರು. ಅವರಲ್ಲಿ 891 ಜನರ ಸಾಲಿನಲ್ಲಿ ಬದುಕಿದರೆ 1, ಸತ್ತರೆ 0 ಎಂದು ಬರೆದಿದೆ. ಉಳಿದ 418 ಜನರ ಉತ್ತರವನ್ನು ಮುಚ್ಚಿಟ್ಟಿದೆ. ವಯಸ್ಸು, ಲಿಂಗ, ದರ್ಜೆ, ಟಿಕೆಟ್ಟಿನ ಹಣ ಇವನ್ನು ನೋಡಿ ಆ 418ರಲ್ಲಿ ಯಾರು ಬದುಕಿದರು ಎಂದು ಹುಡುಗರು ಬರೆದ ಪ್ರೋಗ್ರಾಮು ಹೇಳಬೇಕು. ಹೊಸದುರ್ಗದಿಂದಲೋ ಹಿರಿಯೂರಿನಿಂದಲೋ ಬೆಳಗ್ಗೆ ಬಸ್ಸು ಹಿಡಿದು ಬಂದು ಕಂಪ್ಯೂಟರ್ ಲ್ಯಾಬಿನಲ್ಲಿ ಕೂತ, ಕಡಲನ್ನೇ ನೋಡದ ವಿದ್ಯಾರ್ಥಿಗೂ ಈ ಹಡಗಿನ ಪ್ರಯಾಣಿಕರ ಲೆಕ್ಕ ಹೀಗೆ ಪಾಲಿಗೆ ಬಂದಿದೆ.

ಮೊದಲ ಎರಡು ಸಾಲುಗಳಲ್ಲೇ ಇಡೀ ರಾತ್ರಿ ಇದೆ. ಒಂದನೆಯ ಸಾಲು ಓವನ್ ಬ್ರಾಂಡ್, ಗಂಡಸು, 22 ವರ್ಷ, ಮೂರನೇ ದರ್ಜೆ, ಟಿಕೆಟ್ಟಿಗೆ ಏಳೂಕಾಲು ಪೌಂಡ್. ಉತ್ತರ 0. ಎರಡನೆಯ ಸಾಲು ಫ್ಲಾರೆನ್ಸ್ ಕಮಿಂಗ್ಸ್, ಹೆಂಗಸು, 38 ವರ್ಷ, ಮೊದಲ ದರ್ಜೆ, 71 ಪೌಂಡ್. ಉತ್ತರ 1. ಕೆಳಗೆ ಹೋದಂತೆ 891ರಲ್ಲಿ ಬದುಕಿದವರು 342. 314 ಹೆಂಗಸರಲ್ಲಿ 233 ಮಂದಿ ಉಳಿದರು, 577 ಗಂಡಸರಲ್ಲಿ ಬರೀ 109. ಬೇರೆ ಏನನ್ನೂ ನೋಡದೆ ‘ಹೆಂಗಸಾದರೆ ಬದುಕಿದಳು, ಗಂಡಸಾದರೆ ಸತ್ತ’ ಎಂದು ಒಂದೇ ಸಾಲಿನ ನಿಯಮ ಬರೆದರೂ 891ರಲ್ಲಿ 701 ಉತ್ತರ ಸರಿಯಾಗುತ್ತವೆ. ನೂರಕ್ಕೆ 78ಕ್ಕಿಂತ ಹೆಚ್ಚು. ವಾರಗಟ್ಟಲೆ ಒದ್ದಾಡಿ ಬರೆದ ಪ್ರೋಗ್ರಾಮುಗಳು ಇದರ ಮೇಲೆ ಕೆಲವೇ ಅಂಕ ಏರುತ್ತವೆ. ಒಂದು ರಾತ್ರಿ ಕೆಲವು ಅಧಿಕಾರಿಗಳು ಕೂಗಿ ಹೇಳಿದ ‘ಮೊದಲು ಹೆಂಗಸರು, ಮಕ್ಕಳು’ ಎಂಬ ಆಜ್ಞೆ, ನೂರು ವರ್ಷದ ಮೇಲೆಯೂ ಗಣಿತದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಅದರ ಕೆಳಗೆ ದರ್ಜೆ ಕಾಣುತ್ತದೆ. ಬ್ರಿಟಿಷ್ ಸರ್ಕಾರದ ದಾಖಲೆಯ ಪ್ರಕಾರ ಮೊದಲ ದರ್ಜೆಯ ಹೆಂಗಸರಲ್ಲಿ ನೂರಕ್ಕೆ 97 ಮಂದಿ ಉಳಿದರು, ಮೂರನೇ ದರ್ಜೆಯಲ್ಲಿ 46. ಎರಡನೇ ದರ್ಜೆಯ 24 ಮಕ್ಕಳಲ್ಲಿ 24ಕ್ಕೆ 24 ಉಳಿದರು. ಮೂರನೇ ದರ್ಜೆಯ 79 ಮಕ್ಕಳಲ್ಲಿ 52 ಮಕ್ಕಳು ಸತ್ತವು. ಹೆಚ್ಚು ಹಣ ಕೊಟ್ಟ ಟಿಕೆಟ್ಟು 512 ಪೌಂಡಿನದು. ನಾಲ್ಕು ಜನರಿಗೆ ಒಂದೇ ಟಿಕೆಟ್ಟು. ಅದರ ಮೂವರು 891ರಲ್ಲಿ ಇದ್ದಾರೆ, ಮೂವರ ಮುಂದೆಯೂ 1 ಇದೆ. ಟಿಕೆಟ್ಟಿನ ಹಣ ಸೊನ್ನೆ ಎಂದಿರುವ 15 ಜನರಲ್ಲಿ ಉಳಿದವನು ಒಬ್ಬ. ಆ ಹದಿನೈದರಲ್ಲಿ ಹಡಗಿನ ವಿನ್ಯಾಸಕಾರ ಥಾಮಸ್ ಆಂಡ್ರೂಸ್ ಕೂಡ ಇದ್ದಾನೆ: 39 ವರ್ಷ, ಮೊದಲ ದರ್ಜೆ, 0.

ಇಲ್ಲಿ ಖಾಲಿ ಜಾಗಗಳಿರುವ ಒಂದು ಕಾಲಮ್ಮಿನ ಬಗ್ಗೆ ಹೇಳಲೇಬೇಕು. 891 ಸಾಲುಗಳಲ್ಲಿ 177 ಜನರ ವಯಸ್ಸು ಖಾಲಿ. ಖಾಲಿ ಇದ್ದರೆ ಎಷ್ಟೋ ಪ್ರೋಗ್ರಾಮುಗಳು ಮುಂದೆ ಹೋಗುವುದಿಲ್ಲ, ಆದ್ದರಿಂದ ಪಾಠದಲ್ಲಿ ಕಲಿಸುವ ಸುಲಭದ ದಾರಿ ಎಂದರೆ ಎಲ್ಲರ ವಯಸ್ಸಿನ ಮಧ್ಯಾಂಕವನ್ನು ಆ ಜಾಗಕ್ಕೆ ತುಂಬುವುದು. ಮಧ್ಯಾಂಕ 28. ಒಂದೇ ಆಜ್ಞೆ, ಕಣ್ಣು ಮಿಟುಕಿಸುವಷ್ಟರಲ್ಲಿ 177 ಜನಕ್ಕೆ 28 ವರ್ಷವಾಗುತ್ತದೆ. ಆ 177ರಲ್ಲಿ ಸೇಜ್ ಎಂಬ ಮನೆತನದ ಏಳು ಸಾಲುಗಳಿವೆ. ಅಪ್ಪ, ಅಮ್ಮ, ಒಂಬತ್ತು ಮಕ್ಕಳು. ಹನ್ನೊಂದು ಜನ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊಸ ಬದುಕು ಹುಡುಕಿ ಹೊರಟಿದ್ದರು. ಹನ್ನೊಂದಕ್ಕೆ ಹನ್ನೊಂದು ಜನರೂ ಸತ್ತರು. ಕಾನ್‌ಸ್ಟನ್ಸ್‌ಗೆ ಏಳು ವರ್ಷ, ಥಾಮಸ್‌ಗೆ ನಾಲ್ಕು. ಕೋಷ್ಟಕದಲ್ಲಿ ಇಬ್ಬರ ವಯಸ್ಸಿನ ಜಾಗವೂ ಖಾಲಿ. ನಾಲ್ಕು ವರ್ಷದ ಮಗುವಿಗೆ ಪ್ರಪಂಚದಾದ್ಯಂತ ಎಷ್ಟೋ ಸಾವಿರ ಕಂಪ್ಯೂಟರುಗಳಲ್ಲಿ 28 ಎಂದು ತುಂಬಿ ಲೆಕ್ಕ ಮುಗಿಸಲಾಗಿದೆ.

ಗಮನವಿಟ್ಟು ನೋಡುವ ವಿದ್ಯಾರ್ಥಿಗೆ ಸುಳಿವು ಅದೇ ಸಾಲಿನಲ್ಲಿ ಸಿಗುತ್ತದೆ. ಥಾಮಸ್‌ನ ಹೆಸರಿನ ಹಿಂದೆ ‘ಮಾಸ್ಟರ್’ ಎಂದಿದೆ. ನಮ್ಮ ಹಳೆಯ ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಬಾಲನಟರಿಗೆ ಹಾಕುತ್ತಿದ್ದ ಹಾಗೆ, ಆ ಕಾಲದ ಇಂಗ್ಲಿಷರು ಚಿಕ್ಕ ಹುಡುಗರಿಗೆ ಹಾಕುತ್ತಿದ್ದ ಗೌರವ ಅದು. ಜೊತೆಗೆ ಒಡಹುಟ್ಟಿದವರು 8, ತಂದೆತಾಯಿ 2 ಎಂದೂ ಬರೆದಿದೆ. ಹೆಸರನ್ನು ಓದಿದವನು ಈ ಮಗುವಿಗೆ 28 ತುಂಬುವುದಿಲ್ಲ. ಹೆಸರುಗಳಿರುವ ಕಾಲಮ್ಮನ್ನು ಲೆಕ್ಕಕ್ಕೆ ಬಾರದ್ದು ಎಂದು ಅಳಿಸಿಹಾಕಿ ಮುಂದುವರಿಯುವ ಅಭ್ಯಾಸ ಸಾಮಾನ್ಯ. ನನಗೆ ಅದು ಬಹಳ ನೋವಿನ ಸಂಗತಿ. ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಓದಿದರೆ ಪ್ರೋಗ್ರಾಮಿನ ಊಹೆಯೂ ಸುಧಾರಿಸುತ್ತದೆ.

ತುಂಬಿರುವ ಜಾಗವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಆ 891ರಲ್ಲಿ ಎಲ್ಲರಿಗಿಂತ ಹಿರಿಯ ಅಲ್ಜರ್ನನ್ ಬಾರ್ಕ್‌ವರ್ತ್, ವಯಸ್ಸು 80, ಬದುಕಿದವನು. ಹಿಮದ ನೀರಿನಿಂದ ಎಂಬತ್ತರ ಮುದುಕ ಪಾರಾದನೆಂದು ಎಷ್ಟೋ ವಿದ್ಯಾರ್ಥಿಗಳು ಅಚ್ಚರಿಪಟ್ಟಿದ್ದಾರೆ. ನಿಜಕ್ಕೂ ಹಡಗಿನಲ್ಲಿದ್ದಾಗ ಅವನಿಗೆ 47. ಎಂಬತ್ತು ಅವನು 1945ರಲ್ಲಿ ತೀರಿಕೊಂಡಾಗಿನ ವಯಸ್ಸು.

ನಮ್ಮ ನೆಲದಿಂದ ಹೊರಟವರೂ ಈ ಕೋಷ್ಟಕದಲ್ಲಿದ್ದಾರೆ. 184ನೆಯ ಸಾಲು ರಿಚರ್ಡ್ ಬೆಕರ್, ವಯಸ್ಸು 1. 619ನೆಯ ಸಾಲು ಅವನ ಅಕ್ಕ ಮೇರಿಯನ್, ವಯಸ್ಸು 4. ಅಪ್ಪ ಪಕ್ಕದ ಆಂಧ್ರದ ಗುಂಟೂರಿನಲ್ಲಿ ಮಿಷನರಿ. ರಿಚರ್ಡ್‌ಗೆ ಇಲ್ಲಿ ಕಾಯಿಲೆಯಾಯಿತೆಂದು ತಾಯಿ ನೆಲ್ಲಿ ಮೂವರು ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಹೊರಟಿದ್ದಳು. ತಾಯಿಯೂ, ಗುಂಟೂರಿನಲ್ಲೇ ಹುಟ್ಟಿದ 12 ವರ್ಷದ ಹಿರಿಯ ಮಗಳು ರೂತ್ ಕೂಡ ಉತ್ತರ ಮುಚ್ಚಿಟ್ಟ 418ರ ಪಾಲಿಗೆ ಹೋಗಿದ್ದಾರೆ. ಆ ರಾತ್ರಿ ತಾಯಿ ಚಿಕ್ಕವರಿಬ್ಬರೊಂದಿಗೆ 11ನೇ ದೋಣಿಯಲ್ಲಿ, ರೂತ್ ಒಬ್ಬಳೇ 13ನೇ ದೋಣಿಯಲ್ಲಿ. ನಾಲ್ವರೂ ಉಳಿದರು. ರೂತ್ 1990ರವರೆಗೆ ಬಾಳಿದಳು. 358ನೆಯ ಸಾಲಿನ ಆನಿ ಫಂಕ್ ಇಂದಿನ ಛತ್ತೀಸಗಢದ ಜಾಂಜಗೀರಿನಲ್ಲಿ ಹುಡುಗಿಯರ ಶಾಲೆ ತೆರೆದವಳು. ತಾಯಿಗೆ ಹುಷಾರಿಲ್ಲ ಎಂದು ತಂತಿ ಬಂದು ಹೊರಟಳು. ಅವಳು ಹತ್ತಬೇಕಿದ್ದ ಬೇರೆ ಹಡಗು ಇಂಗ್ಲೆಂಡಿನ ಕಲ್ಲಿದ್ದಲು ಮುಷ್ಕರದಿಂದ ನಿಂತುಹೋದ್ದರಿಂದ ಟೈಟಾನಿಕ್‌ನಲ್ಲಿ ಎರಡನೇ ದರ್ಜೆಯ ಟಿಕೆಟ್ಟು ಕೊಂಡಳು, 13 ಪೌಂಡ್. ಹಡಗಿನಲ್ಲೇ 38ನೇ ಹುಟ್ಟುಹಬ್ಬ ಆಯಿತು. ಮೂರು ದಿನಕ್ಕೆ ಅವಳ ಸಾಲಿಗೆ 0 ಬಿತ್ತು. ಹೆಂಗಸು, ಎರಡನೇ ದರ್ಜೆ. ಹೆಚ್ಚಿನ ಪ್ರೋಗ್ರಾಮುಗಳು ಬದುಕುತ್ತಾಳೆ ಎಂದೇ ಹೇಳುತ್ತವೆ.

ದೋಣಿಗಳ ಲೆಕ್ಕ ಈಗ. 65 ಜನರ 14 ದೋಣಿ, 40 ಜನರ 2, ಮಡಚುವ 47 ಜನರ 4. ಒಟ್ಟು 20 ದೋಣಿ, 1,178 ಜಾಗ. ಹಡಗಿನಲ್ಲಿದ್ದವರು 2,224. ಹತ್ತು ಸಾವಿರ ಟನ್ನಿಗಿಂತ ದೊಡ್ಡ ಯಾವ ಹಡಗಿಗೂ 16 ದೋಣಿ ಸಾಕು ಎಂಬುದು 1894ರ ಬ್ರಿಟಿಷ್ ನಿಯಮ. ಆಗ ಹತ್ತು ಸಾವಿರವೇ ದೊಡ್ಡದಾಗಿತ್ತು. ಟೈಟಾನಿಕ್ 46,328 ಟನ್ (ಇದು ತೂಕವಲ್ಲ, ಹಡಗಿನ ಒಳಜಾಗದ ಅಳತೆ) ಆದಾಗಲೂ ನಿಯಮ ಹಾಗೇ ಉಳಿದಿತ್ತು. ಕಾನೂನು ಕೇಳಿದ್ದಕ್ಕಿಂತ ನಾಲ್ಕು ದೋಣಿ ಹೆಚ್ಚೇ ಇಟ್ಟುಕೊಂಡು ಹೊರಟ ಹಡಗು ಅದು. ಅಷ್ಟಾದರೂ ಉಳಿದವರು 1,178 ಅಲ್ಲ, ಸುಮಾರು 710. ಹೆಚ್ಚುಕಡಿಮೆ 470 ಜಾಗ ಖಾಲಿ ಹೋದವು. ಮೊದಲು ಇಳಿಸಿದ ದೋಣಿಯಲ್ಲಿ 65ಕ್ಕೆ ಸುಮಾರು 28 ಜನ. ಒಂದನೇ ನಂಬರಿನ ದೋಣಿಯಲ್ಲಿ 40 ಜನರ ಜಾಗದಲ್ಲಿ 12 ಜನ. ಹಿಮಬಂಡೆಗೆ ಬಡಿದ ಮೇಲೆ ಹಡಗು ಮುಳುಗಲು ತೆಗೆದುಕೊಂಡದ್ದು 2 ಗಂಟೆ 40 ನಿಮಿಷ, ಅದರ ಕಥೆ ಹೇಳಿದ 1997ರ ಸಿನಿಮಾಗಿಂತ ಅರ್ಧ ಗಂಟೆಗೂ ಮಿಕ್ಕಿ ಕಡಿಮೆ. ಇಷ್ಟಕ್ಕೆಲ್ಲ ಕಾರಣವಾದ ತೂತು? ಹಡಗು ಕಟ್ಟಿದವರ ಕಡೆಯ ಎಂಜಿನಿಯರ್ ಎಡ್ವರ್ಡ್ ವೈಲ್ಡಿಂಗ್ 1912ರ ವಿಚಾರಣೆಯಲ್ಲೇ ಲೆಕ್ಕ ಹಾಕಿ ಹೇಳಿದ: ಎಲ್ಲ ಸೀಳುಗಳನ್ನೂ ಕೂಡಿಸಿದರೆ 12 ಚದರ ಅಡಿ. 1996ರಲ್ಲಿ ಶಬ್ದತರಂಗ ಕಳಿಸಿ ಮಣ್ಣಿನೊಳಗೆ ಹೂತ ಮೂತಿಯನ್ನು ನೋಡಿದಾಗ ಕಂಡದ್ದೂ ಆರು ಸಣ್ಣ ಸೀಳುಗಳೇ. ನಿಮ್ಮ ಮನೆಯ ಮುಂಬಾಗಿಲು ಇದಕ್ಕಿಂತ ದೊಡ್ಡದು.

ಈಗ ಕೋಷ್ಟಕಕ್ಕೆ ಮರಳಿ, ಅದರಲ್ಲಿ ಇಲ್ಲದವರನ್ನು ಎಣಿಸಬೇಕು. 1,309 ಸಾಲುಗಳೂ ಪ್ರಯಾಣಿಕರವು. ಹಡಗನ್ನು ನಡೆಸಿದ ಸುಮಾರು 900 ಜನರ ಒಂದು ಸಾಲೂ ಅಲ್ಲಿಲ್ಲ. ಟೈಟಾನಿಕ್‌ನಲ್ಲಿ 29 ಬಾಯ್ಲರು, 159 ಒಲೆ. ದಿನಕ್ಕೆ 600 ಟನ್ನಿಗೂ ಹೆಚ್ಚು ಕಲ್ಲಿದ್ದಲು. ಒಂದೊಂದು ಒಲೆಯ ಬಾಯಿಗೆ ದಿನಕ್ಕೆ ಹತ್ತಿರಹತ್ತಿರ ನಾಲ್ಕು ಟನ್, ಅಷ್ಟೂ ಸಲಿಕೆಯಲ್ಲಿ, ಅಷ್ಟೂ ಮನುಷ್ಯರ ತೋಳಿನಿಂದ. ಬೆಂಕಿಗೆ ಕಲ್ಲಿದ್ದಲು ಹಾಕುವವನ ಸಂಬಳ ತಿಂಗಳಿಗೆ 6 ಪೌಂಡ್. ಆ 512 ಪೌಂಡಿನ ಟಿಕೆಟ್ಟು ಕೊಳ್ಳಲು ಅವನು ಒಂದು ಕಾಸೂ ಖರ್ಚು ಮಾಡದೆ ಏಳು ವರ್ಷ ದುಡಿಯಬೇಕಿತ್ತು. ಸರ್ಕಾರದ ಪಟ್ಟಿಯ ಪ್ರಕಾರ ಸತ್ತವರು ಮೊದಲ ದರ್ಜೆಯಲ್ಲಿ 123, ಎರಡನೇ ದರ್ಜೆಯಲ್ಲಿ 167, ಮೂರನೇ ದರ್ಜೆಯಲ್ಲಿ 528, ಸಿಬ್ಬಂದಿಯಲ್ಲಿ 696. ಎಲ್ಲರಿಗಿಂತ ಹೆಚ್ಚು ಸತ್ತವರು ಹಡಗಿನ ಕೆಲಸಗಾರರು. ಸತ್ತ 1,514 ಜನರಲ್ಲಿ ನೂರಕ್ಕೆ 46. ಜಗತ್ತಿನ ವಿದ್ಯಾರ್ಥಿಗಳು ಯಾವ ದುರಂತದ ಮೇಲೆ ಎಣಿಕೆ ಕಲಿಯುತ್ತಾರೋ ಅದರ ಹೆಚ್ಚುಕಡಿಮೆ ಅರ್ಧ ಸಾವು ಅವರ ಎಣಿಕೆಗೆ ಬರುವುದೇ ಇಲ್ಲ. ಹಡಗಿನಲ್ಲಿದ್ದ 35 ಎಂಜಿನಿಯರುಗಳಲ್ಲಿ ಒಬ್ಬನೂ ಉಳಿಯಲಿಲ್ಲ. ದೋಣಿ ಇಳಿಸುವವರಿಗೆ ಕಾಣಲೆಂದು ಅವರು ದೀಪಗಳನ್ನು ಕೊನೆಯ ಕೆಲವೇ ನಿಮಿಷಗಳವರೆಗೆ ಆರದಂತೆ ನೋಡಿಕೊಂಡರು. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಬೇರೆ ಯಾವ ಸಾಲು ತಪ್ಪಿದರೂ ಈ 35 ತಪ್ಪಬಾರದು.

ಇನ್ನೂ ಹತ್ತಿರದ ನೀರಿನಲ್ಲಿ ಮುಳುಗಿದವರ ಲೆಕ್ಕವಂತೂ ನಮ್ಮ ಯಾವ ಪಾಠಕ್ಕೂ ಬಂದಿಲ್ಲ. 1888ರ ನವೆಂಬರಿನಲ್ಲಿ ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟ ವೈತರಣಾ ಹಡಗು ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು. ಕರೆಂಟು ದೀಪಗಳಿದ್ದವೆಂದು ಜನ ಅದನ್ನು ವೀಜಳಿ ಎನ್ನುತ್ತಿದ್ದರು. 700ಕ್ಕೂ ಹೆಚ್ಚು ಜನ. ಅವರಲ್ಲಿ ಮದುವೆ ದಿಬ್ಬಣಗಳೂ ಮುಂಬಯಿಗೆ ಮೆಟ್ರಿಕ್ ಪರೀಕ್ಷೆ ಬರೆಯಲು ಹೊರಟಿದ್ದ ಹುಡುಗರೂ ಇದ್ದರೆಂದು ಗುಜರಾತಿನ ಕರಾವಳಿ ಇಂದಿಗೂ ನೆನೆಯುತ್ತದೆ. ಟೈಟಾನಿಕ್‌ಗಿಂತ 24 ವರ್ಷ ಮೊದಲು. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಇಲ್ಲದಾಗ, ಮುಂಬಯಿಯಿಂದ ರೇವಸ್‌ಗೆ ಹೊರಟ ರಾಮದಾಸ್ ಹಡಗು ದಡ ಕಾಣುವಷ್ಟು ಹತ್ತಿರದಲ್ಲೇ ಮಗುಚಿ 600ಕ್ಕೂ ಹೆಚ್ಚು ಜನ ಸತ್ತರು.

ಇವೆರಡರ ನಡುವೆ ತಿಲಾವಾ. ಮುಂಬಯಿಯಿಂದ ಆಫ್ರಿಕಾಕ್ಕೆ 732 ಪ್ರಯಾಣಿಕರನ್ನೂ 222 ಸಿಬ್ಬಂದಿಯನ್ನೂ 4 ಜನ ಗುಂಡು ಹಾರಿಸುವವರನ್ನೂ ಹೊತ್ತು ಹೋಗುತ್ತಿದ್ದ ಅದನ್ನು 1942ರ ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿಯೊಂದು ಹೊಡೆದು ಮುಳುಗಿಸಿತು. 280 ಜನ ಸತ್ತರು, 678 ಜನ ಉಳಿದರು. ಹಡಗಿನಲ್ಲಿ 2,364 ಬೆಳ್ಳಿಗಟ್ಟಿಗಳಿದ್ದವು. 2017ರಲ್ಲಿ ಎರಡೂವರೆ ಕಿಲೋಮೀಟರ್ ಆಳದಿಂದ ಆ 2,364ನ್ನೂ ಮೇಲೆತ್ತಿದರು, ಅದು ಯಾರ ಸೊತ್ತು ಎಂಬ ವ್ಯಾಜ್ಯ 2024ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಗಟ್ಟಿಗಳ ಎಣಿಕೆ ಅಷ್ಟು ಕರಾರುವಾಕ್ಕಾಗಿದೆ. ಜನರ ನೆನಪಿಗೆ ಮುಂಬಯಿಯ ಬಂದರಿನ ಬಳಿ ಮೊದಲ ಸಭೆ ಸೇರಿದ್ದು 2022ರಲ್ಲಿ, ಎಂಬತ್ತು ವರ್ಷ ಕಳೆದ ಮೇಲೆ.

ಟೈಟಾನಿಕ್ ಅಭ್ಯಾಸ ಮುಗಿಸಿದ ಚಿತ್ರದುರ್ಗದ ಯಾವುದಾದರೂ ತರಗತಿಗೆ ಮುಂದಿನ ಕೆಲಸವಾಗಿ ತಿಲಾವಾದ ಕೋಷ್ಟಕ ಕಟ್ಟುವುದನ್ನು ಕೊಡಬಹುದು. ಅವವೇ ಕಾಲಮ್ಮುಗಳು: ಹೆಸರು, ವಯಸ್ಸು, ದರ್ಜೆ, ಜೊತೆಗೆ ಬಂದವರು, ಹತ್ತಿದ ಬಂದರು, 1 ಅಥವಾ 0. ಜೊತೆಗೆ ಟೈಟಾನಿಕ್ ಕೋಷ್ಟಕದಲ್ಲಿ ಇಲ್ಲದ ಒಂದು ಕಾಲಮ್ಮು: ಹಡಗಿನಲ್ಲಿ ಮಾಡುತ್ತಿದ್ದ ಕೆಲಸ. ಪ್ರಯಾಣಿಕರು, ಖಲಾಸಿಗಳು, ಅಡುಗೆಯವರು, ಗುಂಡು ಹಾರಿಸುವವರು ಎಲ್ಲ ಸೇರಿ 958 ಸಾಲುಗಳಾಗುತ್ತವೆ, ಕ್ಯಾಗಲ್‌ನ 891ಕ್ಕಿಂತ 67 ಹೆಚ್ಚು. ವಯಸ್ಸು ಸಿಗದಿದ್ದ ಕಡೆ 28 ತುಂಬದೆ ಖಾಲಿಯೇ ಬಿಡಲಿ.